ಎಡಗೈಯ ಪಾಲು

ರೀ,

ನೀವು ಮಗಳ ಜೊತೆ ಕೈಯ ವ್ಯಾಯಾಮಕ್ಕೆ ಹೋಗಿದ್ದೀರಿ. ಬರುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು. ಎದುರಿಗೆ ಕೂತು ಹೇಳಿದರೆ ನೀವು ತಮಾಷೆ ಮಾಡಿ ಮಾತು ಹಾರಿಸುತ್ತೀರಿ, ನಾನೂ ನಕ್ಕು ಸುಮ್ಮನಾಗುತ್ತೇನೆ. ಕಾಗದದ ಮೇಲಿದ್ದರೆ ಇಬ್ಬರಿಗೂ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ನಿಮಗೆ ಪಾರ್ಶ್ವವಾಯು ಬಡಿದು ಎಡಗೈ ಸುಮ್ಮನಾದ ಮೇಲೆ, ಮುಂಕೋಣೆಯಲ್ಲಿ ನೀವು ಬಾರಿಸುತ್ತಿದ್ದ ಮರದ ಪಟ್ಟಿಗಳ ವಾದ್ಯ ಮರಿಂಬಾಕ್ಕೆ ಹಳೆಯ ಪರದೆ ಹೊದಿಸಿದವಳು ನಾನೇ. ನಾಟಕಶಾಲೆಯಲ್ಲಿ ವೇಷದ ಬಟ್ಟೆ ಹೊಲಿಯುತ್ತ, ಗೋಡೆಯಾಚೆ ನೀವು ಬಾರಿಸುವುದನ್ನು ಕೇಳುತ್ತ ಅರ್ಧ ಆಯುಸ್ಸು ಕಳೆದವಳು. ಆ ಮರದ ಪಟ್ಟಿಗಳನ್ನು ನಾನು ಮುಟ್ಟಿದ್ದು ಧೂಳು ಒರೆಸಲು ಮಾತ್ರ. ಮಗಳು, "ಅಪ್ಪ ಅದನ್ನ ನೋಡಿದಾಗೆಲ್ಲ ಮುಖ ತಿರುಗಿಸ್ತಾರೆ. ಯಾರಿಗಾದ್ರೂ ಕೊಟ್ಬಿಡೋಣಮ್ಮ" ಅಂದಳು. ಅದು ನಿಮ್ಮ ಕಿವಿಗೆ ಬಿತ್ತು. ಎದ್ದು ಬಂದು ಪರದೆ ಎಳೆದು ಹಾಕಿದಿರಿ. ನೂಲು ಸುತ್ತಿದ ತಲೆಯ ಕೋಲೊಂದನ್ನು ಬಲಗೈಗೆ ತೆಗೆದುಕೊಂಡು, ಇನ್ನೊಂದನ್ನು ಗಲ್ಲದಿಂದಲೇ ತೋರಿಸಿದಿರಿ. "ತಗೋ. ಇವತ್ತಿಂದ ನೀನೇ ನನ್ನ ಎಡಗೈ."

ನಿಮ್ಮ ಎಡಗೈಯಾಗುವುದು ಹುಡುಗಾಟವಾಗಿರಲಿಲ್ಲ. "ಮೊಳೆ ಹೊಡೀತಿದೀಯೇನೆ? ಕಾದ ಇಸ್ತ್ರಿಪೆಟ್ಟಿಗೆ ಮುಟ್ಟಿ ಕೈ ತೆಗೀತೀಯಲ್ಲ, ಹಾಗೆ ಮುಟ್ಟು" ಎಂದು ಗದರುತ್ತಿದ್ದಿರಿ. ಪಟ್ಟಿಗಳ ಒಳಗೆ ದಾರ ಹಾದುಹೋಗುವ ಕಡೆ ಹೊಡೆದರೆ ಸ್ವರ ಸತ್ತುಹೋಗುತ್ತದೆ. ನನ್ನ ಕೋಲು ಹಟ ಹಿಡಿದಂತೆ ಅಲ್ಲಿಗೇ ಹೋಗುತ್ತಿತ್ತು. "ಹೊಲಿಯೋಳ ಕೈ, ದಾರ ಹುಡುಕ್ಕೊಂಡೇ ಹೋಗುತ್ತೆ" ಎಂದು ನೀವು ನಕ್ಕಾಗ ಆಸ್ಪತ್ರೆಯಿಂದ ಬಂದಮೇಲೆ ಮೊದಲ ಸಲ ನಿಮ್ಮ ಹಲ್ಲು ಕಂಡೆ.

ಮರದ ಸ್ವರಕ್ಕೆ ಆಯುಸ್ಸು ಕಡಿಮೆ, ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಅದನ್ನು ಉಳಿಸಬೇಕಾದರೆ ಎರಡು ಕೈಗಳೂ ಒಂದರ ಬೆನ್ನಿಗೆ ಒಂದು ಬಿಡದೆ ಬೀಳಬೇಕು. ಒಬ್ಬರ ಎರಡು ಕೈಗೇ ಕಷ್ಟದ ಕೆಲಸ. ನಾವು ಇಬ್ಬರು, ಒಂದೊಂದು ಕೈ. ಎಷ್ಟೋ ತಿಂಗಳು ಅದು ಕುಂಟುತ್ತಲೇ ಇತ್ತು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೂಡಿ ಬಂತು. ಎಲ್ಲಿ ನಿಮ್ಮ ಪೆಟ್ಟು, ಎಲ್ಲಿ ನನ್ನದು, ಗೊತ್ತಾಗಲಿಲ್ಲ. ನಿಲ್ಲಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ನಿಮ್ಮ ಭುಜ ನನ್ನ ಭುಜಕ್ಕೆ ತಾಗಿಕೊಂಡೇ ಇತ್ತು.

ಅಲ್ಲಿಗೇ ನನಗೆ ಸಾಕಾಗಬೇಕಿತ್ತು, ಅಲ್ಲವೇ? ಆಗಲಿಲ್ಲ. ನೀವು ವ್ಯಾಯಾಮಕ್ಕೆ ಹೋದಾಗ ನಿಮ್ಮ ಕೋಲನ್ನೂ ಎತ್ತಿಕೊಂಡೆ. ಬಲಗೈಯ ಪಾಲನ್ನೂ ಕಲಿಯತೊಡಗಿದೆ. ನಿಮ್ಮ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿದರೆ ಕೋಲನ್ನು ಇದ್ದಲ್ಲಿಟ್ಟು ಸೂಜಿ ಹಿಡಿದು ಕೂರುತ್ತಿದ್ದೆ. ಕೊನೆಗೆ ಕೆಳಮನೆಯ ಗಡಿಯಾರ ರಿಪೇರಿಯವರು ಮೆಟ್ಟಿಲಲ್ಲಿ ನಿಮ್ಮನ್ನು ತಡೆದು, "ಏನ್ ಸಾರ್, ನೀವು ಹೊರಗಿದ್ರೂ ಮನೇಲಿ ಎರಡು ಕೈ ಬಾರಿಸ್ತವಲ್ಲ!" ಅಂದುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು.

ನೀವು ಒಳಗೆ ಬಂದು ಮುಖ ತೊಳೆದು ಕುರ್ಚಿಯಲ್ಲಿ ಕೂತಿರಿ. "ಎಲ್ಲಿ, ಬಾರಿಸು ನೋಡೋಣ." ಬಾರಿಸಿದೆ. ನೀವು ಅಂದಿರಿ, "ಎಡಗೈ ಚೆನ್ನಾಗಿದೆ. ಬಲಗೈ ಹೆದರ್ತಿದೆ. ಯಾರದೋ ಮನೆ ಸಾಮಾನು ಮುಟ್ಟಿದ ಹಾಗೆ ಮುಟ್ತಿದೀಯ." ಮಾರನೆಯ ದಿನದಿಂದ ನೀವು ಕೋಲು ಹಿಡಿಯಲಿಲ್ಲ. ಕುರ್ಚಿಯಿಂದಲೇ ಪಾಠ. ನಾನು ಬೇಗಬೇಗ ಕಲಿತೆ. ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ಕೈ ಬೀಸಲು ಜಾಗವೂ ಸಿಕ್ಕಿತ್ತು. ಹಾಗೆ ಅನಿಸಿದ್ದಕ್ಕೇ ನನ್ನನ್ನು ನಾನು ಬೈದುಕೊಂಡೆ.

ನಾಟಕಶಾಲೆಯಲ್ಲಿ ಮಕ್ಕಳ ನಾಟಕಕ್ಕೆ ಬಾರಿಸುವವರು ಬೇಕು ಎಂದಾಗ, ವಾದ್ಯವೃಂದ ನಡೆಸುವ ಮೇಡಂಗೆ ನೀವೇ ಫೋನ್ ಮಾಡಿ ನನ್ನ ಹೆಸರು ಹೇಳಿದಿರಿ. ವೇದಿಕೆಯ ಕೆಳಗಿನ ಆ ಇಕ್ಕಟ್ಟಿನಲ್ಲಿ, ನೀವು ನಿಲ್ಲುತ್ತಿದ್ದ ಜಾಗದಲ್ಲೇ ನಿಂತೆ. ಮೊದಲ ದಿನ ಕರಡಿವೇಷ ಬರುವ ಕಡೆ ಬಾರಿಸುವುದನ್ನೇ ಮರೆತೆ. ಪಾಪ, ಕರಡಿ ಸದ್ದಿಲ್ಲದೆ ಬಂತು. ಎರಡನೆಯ ದಿನ ತಪ್ಪಲಿಲ್ಲ. ನನ್ನ ಬಡಿತಕ್ಕೆ ಸರಿಯಾಗಿ ಕರಡಿ ಜಿಗಿದು, ಮಕ್ಕಳೆಲ್ಲ ಕಿರುಚಿದಾಗ ನನ್ನ ಎದೆ ಹೇಗೆ ಉಬ್ಬಿತೆಂದು ನಿಮಗೆ ಹೇಳಲಿಲ್ಲ. "ಹೇಗಾಯ್ತು?" ಎಂದಿರಿ. "ಏನೋ ಆಯ್ತು" ಎಂದೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಹೋದ ವಾರ ನಿಮಗೆ ವ್ಯಾಯಾಮ ಮಾಡಿಸುವ ಹುಡುಗಿ ಫೋನಿನಲ್ಲಿ ಕೂಗಿದಳು: "ಆಂಟಿ, ಅಂಕಲ್ ಎಡಗೈಲಿ ಪೆನ್ಸಿಲ್ ಹಿಡಿದ್ರು!" ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಆದರೆ ಆ ಅಳುವಿಗೆ ಮುಂಚೆ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ, ಒಂದು ಯೋಚನೆ ಬಂದು ಹೋಯಿತು: ಇವರ ಕೈ ಬಂದರೆ ನನ್ನ ಗತಿ?

ಅಷ್ಟೇ. ಅಷ್ಟೇ ಆದರೂ ಅಂದಿನಿಂದ ನಿಮ್ಮ ಮುಖ ನೋಡಿ ಊಟ ಮಾಡಲಾಗುತ್ತಿಲ್ಲ. ನಿಮಗೆ ಬಂದ ಕೇಡಿನಿಂದಲೇ ನನಗೆ ಈ ವಿದ್ಯೆ ಬಂತು. ನಿಮ್ಮ ಕೈ ಗಟ್ಟಿಯಾಗಿದ್ದಿದ್ದರೆ ನಾನು ಇವತ್ತೂ ಗೋಡೆಯಾಚೆ ಕಾಜ ಹಾಕುತ್ತಿದ್ದೆ. ಯಾರಾದರೂ ಬಂದು, ನಿನ್ನ ಗಂಡನ ಕೈ ಪೂರ್ತಿ ಕೊಡ್ತೀವಿ, ನೀನು ಕಲಿತದ್ದನ್ನೆಲ್ಲ ವಾಪಸ್ ಕೊಡು ಎಂದರೆ, ಕೊಡುತ್ತೇನೆ. ಖಂಡಿತ ಕೊಡುತ್ತೇನೆ. ಆದರೆ ತಟ್ಟನೆ ಕೊಡುವುದಿಲ್ಲ. ಆ ತಡವರಿಕೆಯೇ ನನ್ನನ್ನು ತಿನ್ನುತ್ತಿರುವುದು.

ನಿನ್ನೆ ನೀವು ಎಡಗೈಯಲ್ಲಿ ಕೋಲು ಹಿಡಿಯಲು ನೋಡಿದಿರಿ. ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ನಾನು ಬಗ್ಗಿದಾಗ ನೀವು, "ಬಿಡು, ನಿನ್ನ ಬೆನ್ನು ನೋಯುತ್ತೆ" ಅಂದಿರಿ. ಮೇಲೇಳುವಾಗ ನನ್ನ ಕಣ್ಣು ಒದ್ದೆಯಾಗಿದ್ದದ್ದು ಬೆನ್ನುನೋವಿಗಲ್ಲ.

ಮೇಡಂ ಈ ವರ್ಷದ ಎಲ್ಲ ನಾಟಕಗಳಿಗೂ ಬಾ ಎಂದಿದ್ದಾರೆ. ಬೇಡ ಎಂದು ಹೇಳಿ ನಿಮ್ಮ ಮುಂದೆ ತ್ಯಾಗಮಯಿಯಾಗೋಣ ಅನ್ನಿಸಿತ್ತು. ಆದರೆ ಅದು ಇನ್ನೊಂದು ಮೋಸವಾಗುತ್ತಿತ್ತು. ಇವತ್ತು ಬೆಳಿಗ್ಗೆ, ನೀವು ಹೊರಟ ಮೇಲೆ, ಬರುತ್ತೇನೆ ಎಂದು ಹೇಳಿಬಿಟ್ಟೆ. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ನೀವು ಹೋಗು ಎಂದೇ ಅನ್ನುತ್ತಿದ್ದಿರಿ. ನಿಮ್ಮ ಒಳ್ಳೆಯತನದ ಮರೆಯಲ್ಲಿ ನಿಂತು ನನ್ನ ಆಸೆ ತೀರಿಸಿಕೊಳ್ಳುವುದು ಬೇಡವಾಗಿತ್ತು.

ಇದನ್ನು ಓದಿ ಕೋಪ ಬಂದರೆ ಮಾಡಿಕೊಳ್ಳಿ. ತಮಾಷೆ ಮಾತ್ರ ಮಾಡಬೇಡಿ. ನಿಮ್ಮ ಕೈ ಬೆರಳ ತುದಿಯವರೆಗೂ ಬರಲಿ, ಕೋಲು ಅದರಲ್ಲಿ ಗಟ್ಟಿಯಾಗಿ ನಿಲ್ಲಲಿ. ಅವತ್ತು ಬಂದು ನಿಮ್ಮ ಜಾಗ ಕೇಳಿ. ನಾನು ಜಗಳ ಆಡಿಯೇ ಬಿಟ್ಟುಕೊಡುವುದು.

ಮೆಟ್ಟಿಲಲ್ಲಿ ಹುಷಾರು.

ನಿಮ್ಮವಳು,
ನಿಮ್ಮ ಶಿಷ್ಯೆಯೂ