ಹದ್ದು ಇಳಿದ ಹೊಲ

ಶಾಗ್ಯ
24 ನವೆಂಬರ್ 2024

ಮಗಳು ಪವಿತ್ರಳಿಗೆ ನಿನ್ನವ್ವನ ಆಶೀರ್ವಾದ.

ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲ. ನಾಳೆ ಮೊದಲ ಬಸ್ಸಿಗೆ ನಿಮ್ಮಪ್ಪ ಯಳಂದೂರಿಗೆ ಬಂದು ಈ ಕಾಗದ ಕೊಡುತ್ತಾರೆ.

ಹೋದ ವರ್ಷ ನೀನು ಬೆನ್ನಿಗೆ ಯಂತ್ರ ಕಟ್ಟಿ ಬಿಟ್ಟಿದ್ದ ಹದ್ದು ಕಜಕಿಸ್ತಾನಕ್ಕೆ ಹೋಗಿ ತಿರುಗಿ ಬಂದಿದೆಯೆಂದು ದೀಪಾವಳಿಗೆ ಬಂದಾಗ ಎಷ್ಟು ಹಿಗ್ಗಿದ್ದೆ! ಹದಿನೈದು ದಿನ ಕಳೆಯಲಿಲ್ಲ, ಉಪಗ್ರಹಕ್ಕೆ ಅದರ ಸುಳಿವೇ ಸಿಗುತ್ತಿಲ್ಲವೆಂದು ಓಡಿ ಬಂದೆ. "ಅವ್ವಾ, ಕೊನೇದಾಗಿ ನಮ್ಮೊಲ್ದಲ್ಲೇ ತೋರಿಸ್ತದೆ, ಏನಾರ ಕಂಡ್ಯಾ?" ಎಂದು ಕೇಳಿದೆ. "ಏನೂ ಕಾಣ್ನಿಲ್ಲ ಕಣವ್ವ, ಉಣ್ಣು" ಎಂದು ನಾನು ಮುದ್ದೆ ಬಡಿಸಿದೆ.

ಕಂಡಿದ್ದೆ. ನಮ್ಮ ಗೌರಿಯ ಕರುವನ್ನು ಚಿರತೆ ಅರ್ಧ ತಿಂದು ಹೋಗಿತ್ತಲ್ಲ, ಮತ್ತೆ ಬಂದೇ ಬರುತ್ತದೆಂದು ಉಳಿದ ಮೈಗೆ ಜೋಳದ ಹುಳದ ಔಷಧ ಸುರಿದವಳು ನಾನು. ಪಕ್ಕದ ಹೊಲದ ಮಾದಸ್ವಾಮಿಯ ಹತ್ತಿರ ಈಸಿಕೊಂಡಿದ್ದೆ. ನಿಮ್ಮಪ್ಪನಿಗೂ ಹೇಳಿರಲಿಲ್ಲ. ಚಿರತೆ ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಬದುವಿನ ಮೇಲೆ ಹದ್ದು ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಯಂತ್ರವನ್ನು ಕಲ್ಲಿನಿಂದ ಜಜ್ಜಿ, ಎರಡನ್ನೂ ಹಳ್ಳದ ದಡದಲ್ಲಿ ಹೂತೆ.

ನೀನು ದೂರು ಕೊಟ್ಟ ಮೇಲೆ ಫಾರೆಸ್ಟಿನವರಿಗೆ ಮಾದಸ್ವಾಮಿಯ ಕೊಟ್ಟಿಗೆಯಲ್ಲಿ ಆ ಔಷಧದ ಡಬ್ಬಿ ಸಿಕ್ಕಿತು. ಅವನೇ ವಿಷವಿಟ್ಟನೆಂಬ ಅನುಮಾನದಲ್ಲಿ ನಿನ್ನೆ ಅವನನ್ನು ಕರೆದೊಯ್ದರು. ಔಷಧ ಯಾರಿಗೆ ಕೊಟ್ಟಿದ್ದನೆಂದು ಅವನು ಹೇಳಬಹುದಿತ್ತು. ಜೀಪು ಹತ್ತುವಾಗ ನನ್ನ ಕಡೆ ತಿರುಗಿ, "ದನಕ್ಕೆ ವಸಿ ಉಲ್ಲಾಕ್ಬುಡಕ್ಕ" ಎಂದನಷ್ಟೇ. ಹುಲ್ಲು ಹಾಕಿದೆ. ಅವನ ಹೆಂಡತಿ ಕವಿತ ನಮ್ಮ ಜಗುಲಿಯ ಮೇಲೆ ಕೂತು ಅಳುತ್ತಿದ್ದಳು. ಅವಳಿಗೆ ಕಾಫಿ ಕೊಟ್ಟೆ. ಬಾಯಿ ಮಾತ್ರ ಬಿಡಲಿಲ್ಲ.

ಇವತ್ತು ತಡೆಯಲಾಗಲಿಲ್ಲ. ಹನೂರಿನ ಫಾರೆಸ್ಟ್ ಆಫೀಸಿಗೆ ಹೋಗಿ, "ಇಸ ಆಕ್ದೋಳು ನಾನು ಸಾ, ಅವನ್ನ ಬುಟ್ಬುಡಿ" ಎಂದೆ. ಬರೆದುಕೊಂಡರು, ರುಜು ಹಾಕಿದೆ. ಮಾದಸ್ವಾಮಿ ನನ್ನ ಮುಖ ನೋಡದೆ ಹೊರಟುಹೋದ. ನಾಳೆ ಬಂದು ಹೂತ ಜಾಗ ಅಗೆಸುತ್ತಾರಂತೆ. ಆಮೇಲೆ ನನ್ನನ್ನು ಏನು ಮಾಡುತ್ತಾರೋ ತಿಳಿಯದು.

ನಿನ್ನ ಜೊತೆ ಕೆಲಸ ಮಾಡುವವರ ಮುಂದೆ ನನ್ನನ್ನು ಅವ್ವ ಎಂದು ಹೇಳಿಕೊಳ್ಳಲು ನಾಚಿಕೆಯಾದರೆ ಹೇಳಿಕೊಳ್ಳಬೇಡ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ನಿನ್ನ ಅವ್ವ,
ಶಿವರತ್ನಮ್ಮ

ಇನ್ನೊಂದು ಮಾತು: ನಾನು ನೋಡುವಾಗಲೇ ಹದ್ದು ಸತ್ತಿತ್ತು ಎಂದು ಆಫೀಸಿನಲ್ಲಿ ಬರೆಸಿದ್ದೇನೆ. ಸುಳ್ಳು. ಮಧ್ಯಾಹ್ನದವರೆಗೂ ಉಸಿರಾಡುತ್ತಿತ್ತು. ಯಂತ್ರದ ಮೇಲೆ ಫೋನ್ ನಂಬರ್ ಬರೆದಿತ್ತು. ಓದಿದೆ. ನಿನ್ನದೇ ನಂಬರು. ಫೋನು ನನ್ನ ಸೊಂಟದಲ್ಲೇ ಇತ್ತು, ಪವಿತ್ರ.