ಕ್ಯಾಸೆಟ್ಟಿನ ಮೇಲಿನ ಬೊಟ್ಟು

ನಂಜನಗೂಡು
ಭಾನುವಾರ, 16 ನವೆಂಬರ್ 2025

ನಾಗರತ್ನಳಿಗೆ,

‘ಹಾರಿದವಳನ್ನು ಊರೇ ನೋಡುತ್ತದೆ, ಇಳಿದವಳನ್ನು...’ ಮುಂದೇನು? ಹಾಸ್ಟೆಲ್ ಬಿಡುವ ದಿನ ನೀನು ನನ್ನ ಆಟೋಗ್ರಾಫ್ ಪುಸ್ತಕದಲ್ಲಿ ಬರೆದ ಸಾಲು. ಆ ಪುಸ್ತಕವನ್ನು ಅದೇ ವರ್ಷ ನೀರೊಲೆಗೆ ಹಾಕಿದೆ. ಅರ್ಧ ಸಾಲು ಮಾತ್ರ ಸುಡದೆ ಉಳಿದಿದೆ. ಇಷ್ಟು ವರ್ಷ ಕವಿತೆ ಓದಿದವಳು ನಾನು, ಉಳಿದರ್ಧವನ್ನು ಎಷ್ಟೋ ಬಗೆಯಲ್ಲಿ ಕಟ್ಟಿ ನೋಡಿದ್ದೇನೆ. ಯಾವುದೂ ಕೂರುವುದಿಲ್ಲ. ಅದಿರಲಿ, ಮೊದಲರ್ಧವಾದರೂ ನಿಜವೇ? ನಮ್ಮ ಜಿಮ್ನಾಸ್ಟಿಕ್ಸಿನಲ್ಲಿ ಹಾರುವವಳನ್ನು ಯಾರೂ ಸರಿಯಾಗಿ ನೋಡುವುದಿಲ್ಲ, ನೋಡುವಷ್ಟು ಹೊತ್ತು ಅವಳು ಗಾಳಿಯಲ್ಲಿ ಇರುವುದೂ ಇಲ್ಲ. ತೀರ್ಪುಗಾರರ ಪೆನ್ನು ಕಾಗದಕ್ಕೆ ತಾಗುವುದು ಅವಳು ಇಳಿದಾಗ.

‘ಪ್ರೀತಿಯ’ ಎಂದು ಮೇಲೆ ಬರೆದಿಲ್ಲ. ಗಮನಿಸಿರುತ್ತೀಯ.

ಈ ಕಾಗದ ನಿನಗೆ ಬುಧವಾರ ತಲುಪುತ್ತದೆ. ಅಷ್ಟರಲ್ಲಿ ಮಂಗಳವಾರದ ಮೈಸೂರಿನ ಆಯ್ಕೆ ಸ್ಪರ್ಧೆ ಮುಗಿದಿರುತ್ತದೆ. ನಿನ್ನ ಶಿಷ್ಯೆ ಧನುಶ್ರೀ ಸೋತಿರುತ್ತಾಳೆ. ಯಾಕೆ ಸೋತಳೆಂದು ನೀನು ತಲೆ ಕೆಡಿಸಿಕೊಳ್ಳಬಾರದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1995ರ ಡಿಸೆಂಬರ್ ನೆನಪು ಮಾಡಿಕೋ. ರಾಜ್ಯ ತಂಡದಲ್ಲಿ ಉಳಿದಿದ್ದದ್ದು ಒಂದೇ ಸ್ಥಾನ, ಇದ್ದವರು ನಾವಿಬ್ಬರು. ನಮ್ಮ ಕೋಚ್ ಬಸವಣ್ಣ ಸರ್ ಹೇಳುತ್ತಿದ್ದರಲ್ಲ, ವಾಣಿ ಮ್ಯಾಟ್ ಮೇಲೆ ರಂಗೋಲಿ ಬಿಡುತ್ತಾಳೆ, ನಾಗಿ ಮ್ಯಾಟನ್ನೇ ಒಡೆಯುತ್ತಾಳೆ ಎಂದು. ನಿನ್ನಷ್ಟು ಎತ್ತರ ನಾನು ಯಾವತ್ತೂ ಹಾರಲಿಲ್ಲ. ನನ್ನದೇನಿದ್ದರೂ ಎರಡು ಪಲ್ಟಿಗಳ ನಡುವಿನ ಕೈ, ಕತ್ತು, ಕಣ್ಣು. ಅದಕ್ಕೆ ಸಂಗೀತ ಬೇಕಿತ್ತು. ನನ್ನ ಕ್ಯಾಸೆಟ್ಟಿನ ಒಂದು ಬದಿಗೆ ಬರಿ ಕೊಳಲು. ಇನ್ನೊಂದು ಬದಿಗೆ ನಮ್ಮಣ್ಣ ತುಂಬಿಸಿಕೊಂಡಿದ್ದ ಹಾಡುಗಳು. ಮಾತಿರುವ ಹಾಡು ಹಾಕಿದರೆ ಅಂಕ ಹೋಗುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು. ಗೊಂದಲ ಆಗದಿರಲಿ ಎಂದು ಕೊಳಲಿನ ಬದಿಗೆ ನನ್ನ ಹಣೆಯ ಕೆಂಪು ಬೊಟ್ಟನ್ನೇ ತೆಗೆದು ಅಂಟಿಸಿದ್ದೆ. ಜಾರದಿರಲೆಂದು ಹಚ್ಚಿಕೊಂಡ ಸೀಮೆಸುಣ್ಣದ ಪುಡಿ ಕೈ ತುಂಬ ಮೆತ್ತಿತ್ತು. ಬೊಟ್ಟು ಮೇಲೆ ಬರುವ ಹಾಗೆ ಹಾಕಿಸು ಎಂದು ಕ್ಯಾಸೆಟ್ಟನ್ನು ನಿನ್ನ ಕೈಗೆ ಕೊಟ್ಟೆ.

ಶುರುವಾದದ್ದು ಯಾವುದೋ ಮದುವೆ ಹಾಡು. ನಿಲ್ಲುವ ಹಾಗಿಲ್ಲ. ಕೊಳಲಿಗೆ ಕಲಿತ ಹೆಜ್ಜೆಗಳನ್ನು ಆ ಹಾಡಿಗೆ ಹಾಕಿದೆ. ಯಾರೋ ನಕ್ಕದ್ದು ಕೇಳಿಸಿತು. ಪೂರ್ತಿ ಒಂದು ಅಂಕ ಕತ್ತರಿಸಿದರು. ನೀನು ಅಂಕದ ಹತ್ತರಲ್ಲಿ ಮೂರು ಭಾಗದಿಂದ ನನ್ನನ್ನು ದಾಟಿ ಹೋದೆ. ರಾತ್ರಿ ಹಾಸ್ಟೆಲಿನಲ್ಲಿ ನನ್ನ ಹೆಗಲ ಮೇಲೆ ಬಿದ್ದು ಅತ್ತೆ: ಮೇಜಿನ ಹತ್ತಿರ ಕೂತವರು ತಿರುಗಿಸಿ ಹಾಕಿಬಿಟ್ಟರು ಕಣೆ, ನಂಗೆ ಗೊತ್ತಾಗ್ಲಿಲ್ಲ ಎಂದು. ನಾನು ನಿನಗೆ ಸಮಾಧಾನ ಹೇಳಿದೆ! ನೀನು ಮಲಗಿದ ಮೇಲೆ ಕ್ಯಾಸೆಟ್ಟನ್ನು ನೋಡಿದೆ. ಬೊಟ್ಟು ಹಾಡಿನ ಬದಿಯಲ್ಲಿತ್ತು. ಕೊಳಲಿನ ಬದಿಯಲ್ಲಿ ಅಂಟಿನ ಗುರುತು ಮಾತ್ರ. ಬೊಟ್ಟಿಗೆ ಕಾಲಿಲ್ಲ, ನಾಗರತ್ನ.

ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ನೀನು ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ತಿರುಮಕೂಡಲಿಗೆ ಹೋದೆ. ನಾನು ಎಂ.ಎ. ಮಾಡಿ ಇಲ್ಲಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಾ ಉಳಿದೆ.

ಆಗಸ್ಟಿನಲ್ಲಿ ನೀನು ನಮ್ಮ ಮನೆಗೆ ಬಂದೆ. ಊಟ ಮಾಡಿದೆ, ಮಜ್ಜಿಗೆ ಎರಡು ಸಲ ಹಾಕಿಸಿಕೊಂಡೆ. ಆಮೇಲೆ ಹೇಳಿದೆ: “ಹುಡುಗಿ ರಾಕೆಟ್ಟು ಕಣೆ. ಆದ್ರೆ ಎರಡು ಜಂಪ್ ಮಧ್ಯೆ ಲೈಟ್ ಕಂಬದಂಗೆ ನಿಂತ್ಕೋತಾಳೆ. ಈಗ ಅದಕ್ಕೂ ಅಂಕ ಕೊಯ್ತಾರೆ. ನಿನ್ನಂಗೆ ಕೈ ಎತ್ತೋರು ಇನ್ಯಾರಿದ್ದಾರೆ ಹೇಳು?” ನನ್ನ ಕೈಯನ್ನು ನೀನು ಹೊಗಳಿದ್ದು ಅದೇ ಮೊದಲು. ಈ ಕೈಗಳಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತೆಂದುಕೊಂಡೆ. ಒಪ್ಪಿಕೊಂಡೆ. ನೀನು ಹೋದ ಮೇಲೆ ಲೋಟ ತೊಳೆಯುವಾಗ ನಾನು ನಗುತ್ತಿದ್ದೆ.

ಹನ್ನೊಂದು ಭಾನುವಾರ ಬಸ್ಸು ಹತ್ತಿ ಬಂದೆ. ಸಂಗಮದ ಮರಳಲ್ಲಿ ಅವಳನ್ನು ಮೊದಲ ಸಲ ನೋಡಿದಾಗ, ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ಹದಿಮೂರು ವರ್ಷದ ಹುಡುಗಿ ಆ ಮರಳಿನಿಂದ ಎದ್ದ ರೀತಿ! ನೀನೂ ಹಾಗೆ ಎದ್ದಿಲ್ಲ. ಆದರೆ ಇಳಿದವಳೇ ಸೊಂಟಕ್ಕೆ ಕೈ ಕೊಟ್ಟು ನನ್ನನ್ನು ಕೇಳಿದಳು: “ಮೇಡಂ, ಎರಡು ಪಲ್ಟಿ ನಡ್ವೆ ಸುಮ್ಕೆ ಯಾಕೆ ಕೈ ಆಡುಸ್ಬೇಕು? ಉಸ್ರು ವೇಸ್ಟಲ್ವಾ?” ನೀನು ದೂರದಲ್ಲಿ ನಿಂತು ನಕ್ಕೆ. ಅದು ನಿನ್ನದೇ ಪ್ರಶ್ನೆ.

ನಾನು ಏನೇನೋ ಹೇಳಿದೆ. ಹೂ ಅರಳಿದ ಹಾಗೆ ಎಂದೆ, ನೀರಿನ ಮೇಲೆ ಎಲೆ ತೇಲಿದ ಹಾಗೆ ಎಂದೆ. ಅವಳು ಆಕಳಿಸಿದಳು. ಐದನೆಯ ವಾರ ಅವಳೇ ಬಂದು ಕೇಳಿದಳು. ಅವಳಪ್ಪ ಮರಿಯಯ್ಯ ತಾಂಡ್ಯದ ಫ್ಯಾಕ್ಟರಿಯಲ್ಲಿ ಗಾಜಿನ ಬಾಟಲಿಗಳ ಪೆಟ್ಟಿಗೆ ಇಳಿಸುತ್ತಾರಂತೆ; ಇಪ್ಪತ್ತು ಕೆ.ಜಿ. ಪೆಟ್ಟಿಗೆ, ನೆಲಕ್ಕೆ ತಾಗಿದರೂ ಸದ್ದಾಗಬಾರದಂತೆ. “ಅಂಗೆ ಕೈ ಇಳುಸ್ಬೇಕಾ ಮೇಡಂ?” ಎಂದು ಇಳಿಸಿ ತೋರಿಸಿದಳು.

ಇಷ್ಟು ಪುಸ್ತಕ ಓದಿದ ನನಗೆ ಆ ಹೋಲಿಕೆ ಸಿಕ್ಕಿರಲಿಲ್ಲ. ಬಲ ಇಲ್ಲದ ಕೈಗೆ ಅಷ್ಟು ಮೆತ್ತಗೆ ಇಳಿಸಲು ಬರುವುದಿಲ್ಲ ಎಂಬುದು ಆ ಹೊತ್ತು ತಿಳಿಯಿತು. ನಿನ್ನ ಹಾರಾಟ, ನನ್ನ ರಂಗೋಲಿ ಎಂದು ನಾವಿಬ್ಬರೂ ಹಂಚಿಕೊಂಡು ಜಗಳವಾಡಿದ್ದು ಅವಳಲ್ಲಿ ಒಂದೇ ಆಗಿತ್ತು. ಅವತ್ತು ಬಸ್ಸಿನಲ್ಲಿ ಬರುತ್ತಾ, ಬೇಡ, ಹಳೆಯ ಸೇಡನ್ನು ಬಿಟ್ಟುಬಿಡೋಣ ಅನ್ನಿಸಿತು. ಮುಂದಿನ ಭಾನುವಾರ ನೀನು ಅವಳಪ್ಪನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: ವಾಣಿ ನನ್ನ ಜೊತೆಯವಳೇ, ಪಾಪ, ಅವಳಿಗೆ ಅದೃಷ್ಟ ಇರಲಿಲ್ಲ ಎಂದು.

ಅದೃಷ್ಟ!

ಅಭ್ಯಾಸಕ್ಕೆಂದು ನಾನು ಫೋನಿನಲ್ಲಿ ಹಾಕುತ್ತಿದ್ದ ಸಂಗೀತದಲ್ಲಿ ನನ್ನ ದನಿಯೂ ಇರುತ್ತಿತ್ತು: ಕೈ, ಕಣ್ಣು, ಉಸಿರು ಎಂದು. ಸ್ಪರ್ಧೆಗೆ ಮಾತಿಲ್ಲದ್ದು ಬೇಕು. ಅದನ್ನು ಪೆನ್‌ಡ್ರೈವಿಗೆ ಹಾಕಿಸಿ ಕೊಡುವುದು ನನ್ನ ಹೊಣೆ. ಮ್ಯೂಸಿಕ್ ನಿಂದು, ಜಂಪ್ ನಂದು ಎಂದು ನೀನೇ ಹೇಳಿದ್ದೆ. ನೀನು ಕೇಳಿ ನೋಡುವವಳಲ್ಲ ಎಂದು ಗೊತ್ತಿತ್ತು. ಎರಡು ಪೆನ್‌ಡ್ರೈವ್ ಮಾಡಿಸಿದೆ. ಒಂದರಲ್ಲಿ ಬರಿ ಕೊಳಲು, ನನ್ನ ಹಳೆಯ ಕೊಳಲೇ. ಇನ್ನೊಂದರಲ್ಲಿ ಕೊನೆಯ ಎಂಟು ಸೆಕೆಂಡಿಗೆ ನನ್ನ ದನಿ, ನಿನ್ನ ಸಾಲು: ‘ಹಾರಿದವಳನ್ನು ಊರೇ ನೋಡುತ್ತದೆ, ಇಳಿದವಳನ್ನು...’ ಅಷ್ಟೇ ಸಾಕು, ಒಂದು ಅಂಕ ಹೋಗಲು. ನೀನು ಆ ಸಭಾಂಗಣದಲ್ಲಿ ಕೂತು ಅದನ್ನು ಕೇಳಬೇಕು ಎಂಬುದೊಂದೇ ನನ್ನ ಆಸೆ.

ಕಳೆದ ಭಾನುವಾರ ಅವಳ ಕೈಗೆ ಕೊಟ್ಟದ್ದು ಅದನ್ನೇ. ಅದರ ಮೇಲೆ ನನ್ನ ಹಣೆಯ ಕೆಂಪು ಬೊಟ್ಟು ಅಂಟಿಸಿದೆ, ನಿನಗೆ ಗುರುತು ಸಿಗಲಿ ಎಂದು. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ವಯಸ್ಸಿನ ಲೆಕ್ಕದಲ್ಲಿ ಇದು ಅವಳಿಗೆ ಕೊನೆಯ ವರ್ಷ, ಇದು ತಪ್ಪಿದರೆ ಕ್ರೀಡಾ ಹಾಸ್ಟೆಲಿನ ಸೀಟಿಲ್ಲ ಎಂದು ನನಗೆ ಗೊತ್ತು. ನಿನ್ನ ಕೈಯಲ್ಲಿ ಪಳಗಿ ರಾಜ್ಯ ಮಟ್ಟಕ್ಕೆ ಹೋಗಬಲ್ಲ ಹುಡುಗಿ ಅವಳೊಬ್ಬಳೇ ಎಂದೂ ಗೊತ್ತು. ನಿನ್ನ ದನಿ ಕೇಳಿ ಮನಸ್ಸು ಬದಲಾದೀತೆಂದು ನಿನ್ನೆಯಿಂದ ಫೋನ್ ಆಫ್ ಮಾಡಿದ್ದೇನೆ.

ಬುಧವಾರ ಇದನ್ನು ಓದಿದ ಮೇಲೆ ಅಳು ಬಂದರೆ ಅತ್ತುಬಿಡು. ಸಮಾಧಾನ ಹೇಳಲು ನಾನು ಬರುವುದಿಲ್ಲ.

ವಾಣಿ

ಮರೆತ ಮಾತು: ಸೋಮವಾರ ಬೆಳಿಗ್ಗೆ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಹರಿಯುವುದೂ ಇಲ್ಲ. ನಾಳೆ ಮೊದಲ ಬಸ್ಸಿಗೆ ಮೈಸೂರಿಗೆ ಬರುತ್ತೇನೆ, ಕೊಳಲಿನ ಪೆನ್‌ಡ್ರೈವನ್ನು ನಾನೇ ಮೇಜಿಗೆ ಕೊಡುತ್ತೇನೆ. ನಿನ್ನ ಕೈಗೆ ಕೊಡುವುದಿಲ್ಲ. ಅವಳು ಇಳಿದ ಮೇಲೆ ಈ ಕಾಗದ ನಿನ್ನ ಕೈಗೆ. ಅಲ್ಲೇ, ನನ್ನೆದುರೇ ಓದಬೇಕು. ಉಳಿದರ್ಧ ಸಾಲು ನೆನಪಿದ್ದರೆ ಆಗ ಹೇಳು.

ನಿನ್ನೆ ಬೆಳಿಗ್ಗೆ ನಾನು ಪುಸ್ತಕದಂಗಡಿಗೆ ಹೋಗಿದ್ದಾಗ ಧನುಶ್ರೀ ಅಪ್ಪನ ಬೈಕಿನಲ್ಲಿ ಇಲ್ಲಿಗೆ ಬಂದಿದ್ದಳಂತೆ. ಪಕ್ಕದ ಮನೆಯ ಸಣ್ಣತಾಯಮ್ಮ ಈಗ ಬಂದು, ನೆನ್ನೆ ಮರೆತೇ ಹೋಯಿತು ಎಂದು ಪೆನ್‌ಡ್ರೈವ್ ಕೊಟ್ಟರು. ಅದರ ಮೇಲೆ ಬೊಟ್ಟಿರಲಿಲ್ಲ. ಎಲ್ಲಿ ಎಂದು ಕೇಳಿದೆ. ಬಾಗಿಲಲ್ಲೇ ನಿಂತು ಅವರು ಹೇಳಿದರು:

“ಆ ಎಣ್ಮಗ ಏನಂದ್ಲು ಗೊತ್ತಾ ವಾಣಮ್ಮ? ‘ಇದು ಪ್ರಾಕ್ಟೀಸ್ ಮಾಡೋದು, ಮೇಡಂ ಇದ್ರಲ್ಲಿ ಮಾತಾಡವ್ರೆ, ಅವಸ್ರದಲ್ಲಿ ಬದ್ಲಾಗೈತೆ. ನಾಗರತ್ನ ಮೇಡಂಗೆ ಯೋಳಿಲ್ಲ, ಇವ್ರನ್ನ ಬಯ್ತಾರೆ’ ಅಂದ್ಲು. ಬೊಟ್ಟಾ? ಅದ ಕಿತ್ತು ಅಣೆಗೆ ಮಡಿಕೊಂಡು ವೋದ್ಲು ಕಣವ್ವ. ‘ನಂಗೆ ಒಳ್ಳೇದಾಗ್ಲಿ ಅಂತ ಮೇಡಂ ಅವ್ರ ಅಣೇದ್ನೇ ಅಂಟ್ಸಿ ಕೊಟ್ಟವ್ರೆ’ ಅಂದ್ಲು.”