ಬಚ್ಚಲೊಲೆಯಲ್ಲಿ ಚಹಾದ ಬ್ರೆಡ್ಡು

ತುಂಗಕ್ಕಾ,

ಹೊಸನಗರದ ಬಸ್ಸು ಬರುವ ಹೊತ್ತಾಯಿತು, ಹುಡುಗಿಯ ಮನೆಯವರನ್ನು ಕರೆತರಲು ಹೊರಟೆ.

ಬಚ್ಚಲೊಲೆಯೊಳಗಿನ ಬಾಣಲೆಯಲ್ಲಿ ಬ್ರೆಡ್ಡು ಬೇಯುತ್ತಿದೆ. ಮೈದಾಕ್ಕೆ ಚಹಾದ ಡಿಕಾಕ್ಷನ್, ಶುಂಠಿ, ಏಲಕ್ಕಿ, ಸೋಡಾಪುಡಿ ಹಾಕಿದ್ದೇನೆ. ಮುಚ್ಚಳದ ಮೇಲಿನ ಕೆಂಡ ಆರದಂತೆ ನೋಡಿಕೋ. ಮುಚ್ಚಳ ಮಾತ್ರ ತೆಗೆಯಬೇಡ.

ಅಪ್ಪಯ್ಯನಿಗೆ ಇವತ್ತು ಸ್ನಾನಕ್ಕೆ ತಣ್ಣೀರೇ ಗತಿ. "ಬಿ.ಎ. ಓದಿದ್ದು ಬಚ್ಚಲೊಲೆ ಊದೋಕೇನೋ?" ಅಂತ ಬೆಳಿಗ್ಗೆಯೇ ಕೇಳಿದರು. ನಾನು ಕೆಂಡ ಕೆದಕಿದೆ. ನೀನೂ ಅದನ್ನೇ ಮಾಡು.

ಯಾಕೆ ಈ ಹುಚ್ಚು ಎಂದು ನೀನೂ ಕೇಳಿದೆಯಲ್ಲ. ಹೆಣ್ಣು ನೋಡಲು ಹೋದಾಗ ನಾನು ತುಟಿ ಬಿಚ್ಚದೆ ಕೂತಿದ್ದೆ. ಕೊನೆಗೆ ಆ ಹುಡುಗಿ ಶರಾವತಿಯೇ, "ನಿಮಗೆ ಎಂತ ಮಾಡೋಕೆ ಬರ್ತದೆ?" ಅಂದಳು. ಎಲ್ಲೋ ಓದಿದ್ದು ಬಾಯಿಗೆ ಬಂತು: ಚಹಾದ ಬ್ರೆಡ್ಡು. ಅವಳು ನಕ್ಕುಬಿಟ್ಟಳು. ಅವಳಪ್ಪ ಚಂದ್ರಯ್ಯನವರು ನಗಲಿಲ್ಲ. "ಹಂಗಾರೆ ತಿಂದು ನೋಡೇ ಮಾತು ಕೊಡ್ತೀವಿ" ಅಂದರು. ಅವರೆಲ್ಲ ಈಗ ಬಸ್ಸಿನಲ್ಲಿದ್ದಾರೆ.

ಬ್ರೆಡ್ಡು ಉಬ್ಬದಿದ್ದರೆ ನಿನ್ನ ಕಡುಬು ತಂದಿಟ್ಟು ನನ್ನದೆನ್ನಬೇಡ. ನಾನು ಈ ಬ್ರೆಡ್ಡನ್ನು ಕಣ್ಣಲ್ಲೂ ಕಂಡವನಲ್ಲ ಎಂದು ಶರಾವತಿ ಬಸ್ಸಿಳಿದ ಕೂಡಲೇ ಅವಳಿಗೆ ಹೇಳಿಬಿಡುತ್ತೇನೆ. ಹಿಟ್ಟು ಕಲಸಿದ್ದಕ್ಕಿಂತ ಅದೇ ಕಷ್ಟ.

ನಾನೊಬ್ಬನೇ ಮರಳಿ ಬಂದರೆ ಏನೂ ಕೇಳದೆ ಒಂದು ದೊಡ್ಡ ತುಂಡು ಕೊಯ್ದು ಕೊಡು.

ಮುಕುಂದ